ತುಕ್ಕಲ್ಲ, ಒಣಗಿದ ಎಣ್ಣೆ: ನಿಂತ ಹೊಲಿಗೆ ಯಂತ್ರದ ಕಥೆ

ಅಜ್ಜಿಯ ಕಾಲದ ಹೊಲಿಗೆ ಯಂತ್ರ ನಮ್ಮಲ್ಲಿ ಅನೇಕರ ಮನೆಯ ಅಟ್ಟದಲ್ಲೋ ಹಿತ್ತಿಲ ಕೋಣೆಯಲ್ಲೋ ಈಗಲೂ ಇದೆ. ಚಕ್ರ ತಿರುಗಿಸಲು ಹೋದರೆ ಕಲ್ಲಿನಂತೆ ಬಿಗಿದಿರುತ್ತದೆ. 'ತುಕ್ಕು ಹಿಡಿದಿದೆ, ಇನ್ನು ಪ್ರಯೋಜನವಿಲ್ಲ' ಎಂದು ಗುಜರಿಗೆ ತೂಕದ ಲೆಕ್ಕದಲ್ಲಿ ಕೊಟ್ಟುಬಿಡುವವರುಂಟು. ಆದರೆ ಹೀಗೆ ನಿಂತ ಯಂತ್ರವನ್ನು ಹಿಡಿದಿಟ್ಟಿರುವುದು ಎಷ್ಟೋ ಸಲ ತುಕ್ಕಲ್ಲ, ಒಣಗಿ ಅಂಟಾದ ಹಳೆಯ ಎಣ್ಣೆ. ಇದೇಕೆ ಹೀಗೆ ಎಂದು ತಿಳಿಯಬೇಕಾದರೆ ಯಂತ್ರದ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ, ಐಸಾಕ್ ಸಿಂಗರ್ 1851ರಲ್ಲಿ ತಮ್ಮ ಹೊಲಿಗೆ ಯಂತ್ರಗಳಿಗೆ ಪೇಟೆಂಟ್ ಪಡೆದರು. ಬೆಲೆ ದುಬಾರಿಯಾಗಿದ್ದ ಕಾರಣ ಸಿಂಗರ್ ಕಂಪೆನಿ 1856ರಲ್ಲಿ ಕಂತಿನ ಮಾರಾಟ ಆರಂಭಿಸಿತು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ 1885ರಲ್ಲಿ ತೆರೆದ ಅದರ ಭಾರೀ ಕಾರ್ಖಾನೆ 1980ರವರೆಗೆ ನಡೆಯಿತು. ನಿಮ್ಮ ಸಿಂಗರ್ ಯಂತ್ರದ ಪೀಠದ ಮೇಲಿನ ಸಂಖ್ಯೆ 'ಎಫ್' ಅಥವಾ 'ವೈ' ಎಂಬ ಇಂಗ್ಲಿಷ್ ಅಕ್ಷರದಿಂದ ಆರಂಭವಾಗಿದ್ದರೆ ಅದು ಹುಟ್ಟಿದ್ದು ಅಲ್ಲೇ. ನಮ್ಮ ದೇಶದಲ್ಲಿ 'ಉಷಾ' ಯಂತ್ರದ ತಯಾರಿಕೆ ಕಲ್ಕತ್ತದಲ್ಲಿ ಆರಂಭವಾದದ್ದು 1930ರ ದಶಕದಲ್ಲಿ. ಯಂತ್ರಗಳ ವ್ಯಾಮೋಹವನ್ನು ಕಟುವಾಗಿ ಟೀಕಿಸುತ್ತಿದ್ದ ಗಾಂಧೀಜಿ ಕೂಡ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು.

ಆ ಯಂತ್ರಗಳ ಮೈ ಎರಕದ ಕಬ್ಬಿಣ. ಒಳಗೆ ಓಡಾಡುವ ದಂಡಗಳು ಉಕ್ಕು. ಸೂಜಿ ಹಿಡಿದ ದಂಡಕ್ಕೂ ಅದು ಜಾರುವ ತೂತಿಗೂ ನಡುವೆ ಇರುವುದು ಎಣ್ಣೆಯ ತೆಳು ಪೊರೆಗಷ್ಟೇ ಜಾಗ. ಹೊಲಿಗೆ ನೇರವಾಗಿ ಬೀಳುವುದು ಈ ಬಿಗಿಯಿಂದಲೇ. ಆ ಪೊರೆ ಒಣಗಿದರೆ ಯಂತ್ರ ನಿಲ್ಲುವುದೂ ಇದರಿಂದಲೇ.

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ 1859ರಲ್ಲಿ ಎಣ್ಣೆಬಾವಿ ಕೊರೆದ ನಂತರವೇ ಖನಿಜ ತೈಲ ಹೇರಳವಾಗಿ ದೊರೆತದ್ದು. ಅದಕ್ಕೆ ಮೊದಲು ಯಂತ್ರಗಳಿಗೆ ತಿಮಿಂಗಿಲದ ಎಣ್ಣೆ, ಪ್ರಾಣಿಗಳ ಕೊಬ್ಬು, ಸಸ್ಯದ ಎಣ್ಣೆಗಳೇ ಗತಿ. ನಮ್ಮ ಮನೆಗಳಲ್ಲಂತೂ ಕೈಗೆ ಸಿಕ್ಕಿದ್ದು ಕೊಬ್ಬರಿ ಎಣ್ಣೆ, ಇಲ್ಲವೇ ಹರಳೆಣ್ಣೆ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ. ಹರಳೆಣ್ಣೆ ಗಾಳಿ ತಾಗುತ್ತಾ ವರ್ಷಗಳುರುಳಿದಂತೆ ಅಂಟಾಗುತ್ತದೆ. ಬಟ್ಟೆಯ ನಾರು, ಧೂಳು ಸೇರಿದರೆ ಅದು ಅರಗಿನಂತೆ ಗಟ್ಟಿ.

ಬಿಡಿಸುವ ಕ್ರಮ ಸರಳ, ಬೇಕಾದದ್ದು ತಾಳ್ಮೆ. ಮೊದಲು ಸೂಜಿ, ಬೆಲ್ಟ್, ಬಾಬಿನ್ ತೆಗೆಯಬೇಕು. ಬಾಬಿನ್ ಕೂರುವ ಜಾಗದಲ್ಲಿ ದಾರದ ತುಂಡು ಸಿಕ್ಕಿಕೊಂಡಿದ್ದರೆ ಚಿಮಟದಿಂದ ಎಳೆಯಬೇಕು; ಎಷ್ಟೋ ಯಂತ್ರಗಳ ರೋಗ ಇಷ್ಟೇ. ಅದೂ ಅಲ್ಲವಾದರೆ ಪ್ರತಿಯೊಂದು ಎಣ್ಣೆ ತೂತಿಗೂ, ಲೋಹ ಲೋಹಕ್ಕೆ ಉಜ್ಜುವ ಕಡೆಗೂ ಕೆಲವು ಹನಿ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಡಬೇಕು. ಒಲೆ, ದೀಪಗಳಿಂದ ದೂರ, ಗಾಳಿಯಾಡುವ ಕಡೆ ಈ ಕೆಲಸ ನಡೆಯಲಿ. ಮರುದಿನ ಚಕ್ರವನ್ನು ಹಿಂದಕ್ಕೂ ಮುಂದಕ್ಕೂ ಮೆಲ್ಲಗೆ ಆಡಿಸಬೇಕು. ಕೂದಲೆಳೆಯಷ್ಟು ಅಲುಗಿದರೂ ಗೆದ್ದಂತೆ. ಸುತ್ತಿಗೆ ಬೇಡ; ಎರಕದ ಕಬ್ಬಿಣ ಬಾಗುವುದಿಲ್ಲ, ಸೀಳುತ್ತದೆ. ಬಂಗಾರದ ಬಣ್ಣದ ಚಿತ್ತಾರವಿದ್ದರೆ ಸ್ಪಿರಿಟ್ ಸೋಕಿಸಬಾರದು. ಅದು ಚಿತ್ತಾರದ ಮೇಲಿನ ಅರಗಿನ ಹೊಳಪನ್ನು ಕರಗಿಸುತ್ತದೆ.

ಚಕ್ರ ತಿರುಗಿದೊಡನೆ ಹೊಲಿಯಲು ಕೂರುವುದೇ ಹಲವರು ಮಾಡುವ ತಪ್ಪು. ಸೀಮೆಎಣ್ಣೆ ಅಂಟನ್ನು ಕರಗಿಸುತ್ತದೆಯೇ ಹೊರತು ಸವೆತ ತಡೆಯುವುದಿಲ್ಲ. ಕೊಳೆಯನ್ನು ಬಟ್ಟೆಯಿಂದ ಒರೆಸಿ, ಅಂಗಡಿಯಲ್ಲಿ ಸಿಗುವ ಹೊಲಿಗೆ ಯಂತ್ರದ ಎಣ್ಣೆಯನ್ನೇ ಬಿಟ್ಟು, ಕೆಲವು ನಿಮಿಷ ದಾರವಿಲ್ಲದೆ ಓಡಿಸಬೇಕು.

ಪೇಟೆಯ ಹಳೆಯ ದರ್ಜಿಗಳಿಗೆ, ಯಂತ್ರ ದುರಸ್ತಿಯವರಿಗೆ ಇದೆಲ್ಲ ಹೊಸತಲ್ಲ. ಆದರೆ ಆ ಕೈಗಳು ಕಡಿಮೆಯಾಗುತ್ತಿವೆ. ಕಂತು ಕಟ್ಟಿ ಕೊಂಡ ಒಂದು ಯಂತ್ರದಿಂದ ಮಕ್ಕಳನ್ನು ಓದಿಸಿದ ತಾಯಂದಿರು ಎಷ್ಟೋ ಮಂದಿ. ಅಂಥದ್ದೊಂದು ಯಂತ್ರವನ್ನು ಗುಜರಿಯ ತಕ್ಕಡಿಗೆ ಏರಿಸುವ ಮೊದಲು ನಾಲ್ಕು ಹನಿ ಎಣ್ಣೆ, ಒಂದು ರಾತ್ರಿಯ ಕಾಯುವಿಕೆ ಅಷ್ಟೇನೂ ಹೆಚ್ಚಲ್ಲ.