ಕೋಟೆ ಹುಡುಕಿಕೊಂಡು ಲಕ್ಷ್ಮೇಶ್ವರಕ್ಕೆ ಹೋಗಿದ್ದು...

ಟಿವಿಯಲ್ಲಿ ರಾಜಸ್ಥಾನದ ಮರುಭೂಮಿಯ ಕೋಟೆಗಳನ್ನು ನೋಡಿದ ದಿನದಿಂದ ನನ್ನ ಮಗಳದ್ದು ಒಂದೇ ಹಟ. "ಅಪ್ಪಾ, ನನಗೂ ಕೋಟೆ ತೋರ್ಸು." ಜೈಸಲ್ಮೇರ್ ಎಲ್ಲಿ, ನಮ್ಮ ಹುಬ್ಬಳ್ಳಿ ಎಲ್ಲಿ! ನನಗಿದ್ದದ್ದು ಒಂದೇ ಒಂದು ಭಾನುವಾರ. "ನಮ್ಮ ಕಡೀಗೂ ಬಯಲೈತಿ, ಕೋಟೆನೂ ಅದಾವು, ನಡಿ" ಅಂದೆ. ಅವ್ವ ಹಿಂದಿನ ರಾತ್ರಿಯೇ ಜೋಳದ ರೊಟ್ಟಿ ಬಡಿದಿಟ್ಟಳು. ಹೆಂಡತಿ ಬದನೆಕಾಯಿ ಎಣಗಾಯಿ, ಶೇಂಗಾ ಚಟ್ನಿ ಕಟ್ಟಿದಳು. ಬೆಳಿಗ್ಗೆ ಏಳಕ್ಕೆ ಹೊರಟೆವು.

ದಾರಿಯನ್ನು ನಾನು ಬೇಕೆಂದೇ ಆರಿಸಿಕೊಂಡಿದ್ದೆ. ಕುಂದಗೋಳ, ಲಕ್ಷ್ಮೇಶ್ವರ, ಶಿರಹಟ್ಟಿ, ಡಂಬಳ. 1800ರ ಜುಲೈನಲ್ಲಿ ಆರ್ಥರ್ ವೆಲ್ಲೆಸ್ಲಿ ದೊಡ್ಡ ಸೈನ್ಯ ಕಟ್ಟಿಕೊಂಡು ಬಂದದ್ದು ಈ ಸೀಮೆಗೇ. ಮುಂದೆ 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ತಿಗೆಲ್ಲ ಹೆಸರಾದನಲ್ಲ, ಅದೇ ವೆಲ್ಲೆಸ್ಲಿ. ಆಗ ಅವನು ಬೆನ್ನಟ್ಟಿದ್ದು ನಮ್ಮ ಧೋಂಡಿಯಾ ವಾಘನನ್ನು. ಚನ್ನಗಿರಿಯ ಈ ಧೋಂಡಿಯಾ ಟಿಪ್ಪುವಿನ ಸೆರೆಮನೆಯಲ್ಲಿದ್ದವನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಹೊರಬಂದ. ಚದುರಿದ ಸೈನಿಕರನ್ನು ಕೂಡಿಸಿಕೊಂಡು ಎರಡು ಲೋಕಗಳ ದೊರೆ ಎಂದು ತನ್ನನ್ನು ಕರೆದುಕೊಂಡ. ಈ ಬಯಲಿನ ಕೋಟೆಗಳನ್ನು ಒಂದೊಂದಾಗಿ ಹಿಡಿದ. ವೆಲ್ಲೆಸ್ಲಿ ಮೊದಲು ಕುಂದಗೋಳ ತೆಗೆದುಕೊಂಡ, ಆಮೇಲೆ ಶಿರಹಟ್ಟಿಯ ಮುತ್ತಿಗೆ ಬಿಡಿಸಿದ, ಜುಲೈ 26ರಂದು ಡಂಬಳಕ್ಕೆ ಲಗ್ಗೆ ಹಾಕಿದ. ಈ ಕಥೆಯನ್ನೆಲ್ಲ ಕಾರಿನಲ್ಲಿ ಹೇಳುತ್ತಾ ಹೋದೆ. ಮಗಳು ಕಣ್ಣರಳಿಸಿ ಕೇಳಿದಳು. ಅವ್ವ ಮಾತ್ರ ಕಿಟಕಿಯಿಂದ ಎರಿ ಹೊಲದ ಜೋಳ, ಕಡ್ಲಿ ನೋಡುತ್ತಾ "ಈ ವರ್ಷ ಹಿಂಗಾರಿ ಛಲೋ ಬಂದದ" ಅಂದಳು.

ಲಕ್ಷ್ಮೇಶ್ವರದ ಸೋಮೇಶ್ವರ ಗುಡಿಯ ಮುಂದೆ ಇಳಿದ ಕೂಡಲೇ ಮಗಳು "ಇದೇ ಕೋಟೆನಾ?" ಅಂದಳು. ತಪ್ಪೇನಿಲ್ಲ ಬಿಡಿ. ಎತ್ತರದ ಕಲ್ಲಿನ ಗೋಡೆ, ಮೂರು ಬಾಗಿಲು. ಹೊರಗಿನಿಂದ ಥೇಟ್ ಕೋಟೆಯೇ. ಒಳಗೆ ಕಲ್ಯಾಣದ ಚಾಲುಕ್ಯರ ಕಾಲದ ಗುಡಿ. ಇನ್ಫೋಸಿಸ್ ಪ್ರತಿಷ್ಠಾನದ ನೆರವಿನಿಂದ ಜೀರ್ಣೋದ್ಧಾರವಾದ ಮೇಲೆ ಕಳೆ ಬಂದಿದೆ. ಗರ್ಭಗುಡಿಯಲ್ಲಿ ಲಿಂಗವಿಲ್ಲ, ನಂದಿಯ ಮೇಲೆ ಕೂತ ಶಿವ ಪಾರ್ವತಿ. ಸೌರಾಷ್ಟ್ರದಿಂದ ವ್ಯಾಪಾರಕ್ಕೆ ಬಂದ ಆದಯ್ಯ ಇಲ್ಲಿನ ಜೈನರ ಹುಡುಗಿ ಪದ್ಮಾವತಿಯನ್ನು ಮೆಚ್ಚಿ ಮದುವೆಯಾದ, ಆಮೇಲೆ ಸೋಮನಾಥನನ್ನೇ ಇಲ್ಲಿಗೆ ಕರೆತಂದ ಅನ್ನುವುದು ಕಥೆ. ಹರಿಹರನೂ ರಾಘವಾಂಕನೂ ಇದನ್ನು ಕಾವ್ಯ ಮಾಡಿದ್ದಾರೆ. ಊರೊಳಗೆ ಶಂಖ ಬಸದಿ, ಅನಂತನಾಥ ಬಸದಿ ಇವೆ. ಆದಿಲಶಾಹಿಗಳ ಅಂಕುಶಖಾನ ಕಟ್ಟಿಸಿದ 1617ರ ಜುಮ್ಮಾ ಮಸೀದಿಯೂ ಇದೆ. ಎಲ್ಲ ಹತ್ತಿರ ಹತ್ತಿರ. ಒಂದು ಬೆಳಗಿನಲ್ಲಿ ಮೂರನ್ನೂ ನೋಡಬಹುದು.

ಗುಡಿಯ ಆವರಣದಲ್ಲಿ ಶಾಸನದ ಕಲ್ಲುಗಳಿವೆ. ಅಲ್ಲಿ ನಾನು ಉತ್ಸಾಹದಿಂದ ಭಾಷಣ ಶುರು ಮಾಡಿದೆ. "ಇದು ಹಳೇ ಪುಲಿಗೆರೆ. ಕನ್ನಡದ ತಿರುಳೇ ಇಲ್ಲಿದೆ ಅಂತ ಕವಿರಾಜಮಾರ್ಗ ಹೇಳಿದ ನಾಲ್ಕು ಊರುಗಳಲ್ಲಿ ಇದೂ ಒಂದು. 941ರಲ್ಲಿ ಪಂಪ ಭಾರತ ಬರೆದ ಪಂಪ ದೂರದ ಅರಿಕೇಸರಿಯ ಆಸ್ಥಾನದಲ್ಲಿದ್ದರೂ ತನ್ನದು ಪುಲಿಗೆರೆಯ ತಿರುಳುಗನ್ನಡ ಅಂತ ಹೆಮ್ಮೆಯಿಂದ ಹೇಳಿಕೊಂಡ."

ಮಗಳು ಒಂದು ಕಲ್ಲಿನ ಮೇಲೆ ಬೆರಳಾಡಿಸುತ್ತಾ ಕೇಳಿದಳು, "ಹಂಗಾದ್ರ ಇದರಾಗ ಏನ್ ಬರ್ದೈತಿ ಓದು ನೋಡೋಣು."

ನಾನು ಬಗ್ಗಿ ನೋಡಿದೆ. ಒಂದು 'ರ' ಇದ್ದ ಹಾಗಿತ್ತು. ಇನ್ನೊಂದು 'ಗ' ಇರಬಹುದೇನೋ. ಅಷ್ಟೇ. ಅವಳು ಇಂಗ್ಲಿಷ್ ಮೀಡಿಯಂ ಹುಡುಗಿ. ಬಸ್ಸಿನ ಬೋರ್ಡು ಓದಲು ತಡವರಿಸಿದರೆ ಬೈಯುವವನು ನಾನೇ. "ನಿನಗೂ ಕನ್ನಡ ಓದಾಕ ಬರಂಗಿಲ್ಲಲ್ಲ ಅಪ್ಪಾ" ಅಂದಳು. ಅವ್ವ ಸೆರಗು ಬಾಯಿಗೆ ಹಿಡಿದು ನಕ್ಕಳು. ನನಗೆ ನಗು ಬರಲಿಲ್ಲ. ತಿರುಳುಗನ್ನಡದ ಊರಿನಲ್ಲಿ ನಿಂತು ಒಂದು ಸಾಲು ಓದಲಾಗದವನು ನಾನು!

ಈ ಊರಿನ ಒಂದು ಶಾಸನದ ಸಂಗತಿ ಮಾತ್ರ ಪುಸ್ತಕದಲ್ಲಿ ಓದಿದ್ದೆ, ಅದನ್ನೇ ಹೇಳಿದೆ. ಸುಮಾರು 725ರ ಹೊತ್ತಿಗೆ ಬಾದಾಮಿ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯ ಪೊರಿಗೆರೆಯ ಮಹಾಜನರಿಗೆ, ನಗರದವರಿಗೆ, ಹದಿನೆಂಟು ಜಾತಿ ಕಸುಬಿನವರಿಗೆ ಒಂದು ವ್ಯವಸ್ಥೆ ಬರೆಸಿಕೊಟ್ಟ. ಆಚಾರ ವ್ಯವಸ್ಥೆ ಅಂತ ಅದಕ್ಕೆ ಹೆಸರು. ಜನ ಅರಸನಿಗೆ ಏನು ಕೊಡಬೇಕು, ಅರಸನ ಅಧಿಕಾರಿಗಳು ಜನರ ಯಾವ ಹಕ್ಕನ್ನು ಕಾಪಾಡಬೇಕು, ಎರಡೂ ಅದರಲ್ಲಿವೆ. ತೆರಿಗೆ ಎಲ್ಲರಿಗೂ ಒಂದೇ ಅಲ್ಲ. ಸಿರಿವಂತರ ಮನೆಗೆ 10 ಪಣ, ನಡುವಿನವರಿಗೆ 7, ಅವರಿಗಿಂತ ಕೆಳಗಿನವರಿಗೆ 5, ತೀರಾ ಬಡವರಿಗೆ 3. ಇವತ್ತಿನ ಇನ್‌ಕಮ್ ಟ್ಯಾಕ್ಸ್ ಸ್ಲ್ಯಾಬ್ ಇದ್ದ ಹಾಗೆ! ಹೆಚ್ಚುಕಮ್ಮಿ 1300 ವರ್ಷದ ಹಿಂದೆ ಅರಸು ಮನೆತನದವನೊಬ್ಬ ಊರಿನವರಿಗೆ ಕೊಟ್ಟ ಮಾತನ್ನು ಕಲ್ಲಿನ ಮೇಲೆ ಬರೆಸಿದ. ಅದೂ ಕನ್ನಡದಲ್ಲಿ.

ಗುಡಿಯ ಹಿಂದಿನ ಮೆಟ್ಟಿಲ ಬಾವಿ ನೋಡಿಕೊಂಡು ಶಿರಹಟ್ಟಿಗೆ ಹೋದೆವು. ಫಕೀರೇಶ್ವರ ಮಠದಲ್ಲಿ ಅವ್ವ ಕಾಯಿ ಒಡೆಸಿದಳು. ಹಿಂದೂಗಳು ಮುಸಲ್ಮಾನರು ಇಬ್ಬರೂ ನಡೆದುಕೊಳ್ಳುವ ಮಠ ಇದು. ಶಿರಹಟ್ಟಿ ಸಾಂಗಲಿ ಸಂಸ್ಥಾನದಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ. ಆಮೇಲೆ ಎರಡೂ ಧಾರವಾಡ ಜಿಲ್ಲೆಗೆ ಸೇರಿ, 1997ರಲ್ಲಿ ಗದಗ ಜಿಲ್ಲೆಗೆ ಬಂದವು. ಧಣಿಗಳು ಬದಲಾದರು, ಊರುಗಳು ಇದ್ದಲ್ಲೇ ಇವೆ.

ಮಧ್ಯಾಹ್ನ ಮಾಗಡಿ ಕೆರೆಯ ದಂಡೆಯಲ್ಲಿ ರೊಟ್ಟಿ ಬಿಚ್ಚಿದೆವು. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಪಟ್ಟೆತಲೆ ಹೆಬ್ಬಾತುಗಳು ನೀರಿನಲ್ಲಿ ಗುಂಪುಗುಂಪಾಗಿ ಕೂತಿದ್ದವು. 2024ರಲ್ಲಿ ಈ ಕೆರೆ ರಾಮ್ಸರ್ ಪಟ್ಟಿಗೂ ಸೇರಿದೆ. "ಅಷ್ಟು ದೂರದ ಹಕ್ಕಿಗೂ ಇಲ್ಲಿ ನೀರೈತಿ ಅಂತ ಗೊತ್ತೈತಿ ನೋಡು" ಅಂದಳು ಅವ್ವ. ಪುಲಿಗೆರೆ ಅನ್ನುವ ಹೆಸರಿನ ಕೊನೆಯಲ್ಲಿರುವುದೂ ಕೆರೆಯೇ ಅಲ್ಲವೇ ಅನ್ನುವುದು ನನಗೆ ಆಗ ಹೊಳೆಯಿತು.

ಇಳಿಹೊತ್ತಿಗೆ ಡಂಬಳ. ಮಗಳು ಕಾಯುತ್ತಿದ್ದ ಕೋಟೆ ಅಲ್ಲಿ ಸಿಕ್ಕಿದ್ದು ಹಾಳುಬಿದ್ದ ಗೋಡೆಗಳಾಗಿ. ಅವಳ ಮುಖ ಸಣ್ಣದಾಯಿತು. ವೆಲ್ಲೆಸ್ಲಿಗೆ ಇದು ಒಂದು ದಿನದ ಕೆಲಸವಾಗಿತ್ತು. ಆದರೆ ಅಲ್ಲೇ ಕೆರೆಯ ಹತ್ತಿರ 12ನೇ ಶತಮಾನದ ದೊಡ್ಡಬಸಪ್ಪನ ಗುಡಿ ಗಟ್ಟಿಯಾಗಿ ನಿಂತಿದೆ. ಅದರ ಗರ್ಭಗುಡಿಯ ಹೊರಗೋಡೆ 24 ಮೂಲೆಗಳ ನಕ್ಷತ್ರ. ಹೇಗೆ ಮಾಡಿದರು ಅಂತ ಮಣ್ಣಿನ ಮೇಲೆ ಅವಳ ಚೌಕಾಕಾರದ ಟಿಫಿನ್ ಡಬ್ಬಿ ಇಟ್ಟು ತೋರಿಸಿದೆ. ನಡುವಿನ ಬಿಂದು ಕದಲಿಸದೆ 15 ಡಿಗ್ರಿ ತಿರುಗಿಸಿ ಗೆರೆ ಎಳೆ, ಮತ್ತೆ ತಿರುಗಿಸು. ಆರು ಚೌಕಕ್ಕೆ 24 ಮೂಲೆ. ಆರನೆಯದು ಮುಗಿದಾಗ ಅವಳು ಕುಣಿದಾಡಿದಳು.

ಡಂಬಳದ ಇನ್ನೊಂದು ದೊಡ್ಡ ಸಂಗತಿ 1095ರ ಶಾಸನ. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಈ ಊರಿನ 16 ಮಂದಿ ಸೆಟ್ಟಿಗಳು ಬೌದ್ಧ ವಿಹಾರ ಕಟ್ಟಿಸಿದ್ದರು. ಲೊಕ್ಕಿಗುಂಡಿಯ, ಅಂದರೆ ಇವತ್ತಿನ ಲಕ್ಕುಂಡಿಯ ಸೆಟ್ಟಿಯೊಬ್ಬ ಇನ್ನೊಂದು ಕಟ್ಟಿಸಿದ. ತಾರಾದೇವಿಗೆ ಪೂಜೆ ನಡೆಯುತ್ತಿತ್ತು. ಕನ್ನಡ ನಾಡಿನಲ್ಲಿ ಬೌದ್ಧರು ಅಷ್ಟು ತಡವಾಗಿಯೂ ಬಾಳಿದ್ದರು ಅನ್ನುವುದಕ್ಕೆ ಮುಖ್ಯ ಸಾಕ್ಷಿಗಳಲ್ಲಿ ಇದೊಂದು. ಫ್ಲೀಟ್ ಸಾಹೇಬರು ಅದನ್ನು ಓದಿ 1881ರಲ್ಲಿ ಅಚ್ಚು ಹಾಕಿಸಿದರು. ಸ್ವಲ್ಪ ಯೋಚಿಸಿ, ಆ ಕಲ್ಲು ಒಡೆದುಹೋಗಿದ್ದರೆ? ಅಥವಾ ಇದ್ದೂ ಓದುವವರೇ ಇಲ್ಲದಿದ್ದರೆ? ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ.

ವಾಪಸು ಬರುವಾಗ ಕತ್ತಲಾಗಿತ್ತು. "ಕೊನೀಗೆ ಯಾರು ಗೆದ್ರು?" ಅಂತ ಮಗಳು ಕೇಳಿದಳು. 1800ರ ಸೆಪ್ಟೆಂಬರ್ 10ರಂದು ಧೋಂಡಿಯಾ ಯುದ್ಧದಲ್ಲಿ ಸತ್ತ. ಅನಾಥನಾದ ಅವನ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ಸಾಕಿದ. ಇದನ್ನು ಹೇಳಿದಾಗ ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋದಳು.

ಈಗ ಮನೆಯಲ್ಲಿ ಒಂದು ಹೊಸ ಕೆಲಸ ಶುರುವಾಗಿದೆ. ಹಳಗನ್ನಡದ ಅಕ್ಷರಗಳು ಶತಮಾನದಿಂದ ಶತಮಾನಕ್ಕೆ ಹೇಗೆ ಬದಲಾದವು ಅನ್ನುವ ಒಂದು ಪಟ್ಟಿ ಸಂಪಾದಿಸಿ ಗೋಡೆಗೆ ಅಂಟಿಸಿದ್ದೇನೆ. ದಿನಕ್ಕೆ ಎರಡು ಅಕ್ಷರ, ಅಪ್ಪ ಮಗಳು ಇಬ್ಬರಿಗೂ. ಅವಳು ನನಗಿಂತ ಮುಂದಿದ್ದಾಳೆ. ಬೇಸಿಗೆ ರಜೆಯಲ್ಲಿ ಮತ್ತೆ ಸೋಮೇಶ್ವರ ಗುಡಿಗೆ ಹೋಗಿ ಅದೇ ಕಲ್ಲಿನ ಮುಂದೆ ನಿಲ್ಲಬೇಕು. ಒಂದು ಸಾಲಾದರೂ ಓದಬೇಕು. ನೀವೂ ಆ ಕಡೆ ಹೋದರೆ ಕಲ್ಲುಗಳ ಮುಂದೆ ಒಂದೈದು ನಿಮಿಷ ನಿಂತು ಬನ್ನಿ. ಬುತ್ತಿ ಕಟ್ಟಿಕೊಂಡೇ ಹೋಗಿ, ಮಾಗಡಿ ಕೆರೆಯ ದಂಡೆಯ ಊಟ ತಪ್ಪಿಸಿಕೊಳ್ಳಬೇಡಿ...