ಒಕ್ಕಲಿನ ಮಂದಿರವೂ ಊರಿನ ಸ್ಮಾರಕವೂ

ಪೂರ್ವಿಕರು ಕಟ್ಟಿಸಿದ ಕಟ್ಟಡವು ಅವರ ಸಂತತಿಯವರ ಸೊತ್ತೆಂಬುದೂ, ಅದನ್ನು ಉಳಿಸಿಕೊಳ್ಳುವುದಕ್ಕಾಗಲಿ ಕೆಡಹಿ ಹೊಸದನ್ನು ಎತ್ತುವುದಕ್ಕಾಗಲಿ ಒಡೆಯನೇ ಸ್ವತಂತ್ರನೆಂಬುದೂ ಲೋಕರೂಢಿಯಾಗಿರುವುದು. ಆದರೆ ಯಾವುದೊಂದು ಕಟ್ಟಡವು ಎರಡು ಮೂರು ತಲೆಮಾರುಗಳ ಕಾಲ ಒಂದೇ ಎಡೆಯಲ್ಲಿ ನಿಂತಿತೆಂದರೆ, ಅದರ ಮೇಲೆ ಕವಡೆಯಷ್ಟೂ ಹಕ್ಕಿಲ್ಲದ ದಾರಿಹೋಕರು ಸಹ ಅದನ್ನು ‘ನಮ್ಮೂರಿನದು’ ಎಂದು ಹೇಳತೊಡಗುವರು. ಈ ಎರಡನೆಯ ಬಗೆಯ ಒಡೆತನಕ್ಕೆ ಪತ್ರವಿಲ್ಲ, ಸಾಕ್ಷಿಯಿಲ್ಲ. ಆದರೂ ಅದು ಸುಳ್ಳಲ್ಲ. ಕಳೆದ ನೂರು ವರ್ಷಗಳಲ್ಲಿ ಹಲವು ದೇಶಗಳ ನಗರಸಭೆಗಳು ಈ ಭಾವನೆಗೆ ಕಾಯಿದೆಯ ರೂಪವನ್ನು ಕೊಟ್ಟು, ಹಳೆಯ ಮನೆಮಂದಿರಗಳಿಗೆ ಊರಿನ ಸ್ಮಾರಕವೆಂಬ ಪದವಿಯನ್ನು ಕೊಡುತ್ತ ಬಂದಿವೆ. ಪದವಿಯೇನೋ ಗೌರವದ್ದೇ ಸರಿ. ಆದರೆ ಪದವಿ ಬಂದ ದಿನದಿಂದ ಆ ಕಟ್ಟಡದ ಒಡೆಯನು ಬೀದಿಗೆ ಕಾಣುವ ಒಂದು ಕಿಟಕಿಯನ್ನು ಬದಲಿಸಬೇಕಾದರೂ ಮತ್ತೊಬ್ಬರ ಅಪ್ಪಣೆಯನ್ನು ಕಾಯಬೇಕಾಗಬಹುದು. ಆ ಒಡೆಯನು ಒಬ್ಬ ಗೃಹಸ್ಥನಾಗಿರದೆ ಒಂದು ಧರ್ಮಸಂಸ್ಥೆಯಾಗಿದ್ದು, ಒಕ್ಕಲು ಬೆಳೆದು ಮಂದಿರವು ಕಿರಿದಾದರೆ ಆಗ ಏನು ಮಾಡಬೇಕು? ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಒಂದು ಸಣ್ಣ ಊರಿನಲ್ಲಿ ಈ ಪ್ರಶ್ನೆಯು ಹುಟ್ಟಿ ಆ ದೇಶದ ಸರ್ವೋಚ್ಚ ನ್ಯಾಯಸ್ಥಾನದವರೆಗೆ ಹೋದ ವೃತ್ತಾಂತವು, ಮಠಮಂದಿರಗಳ ಹೊರೆಯನ್ನು ಹೊತ್ತವರೆಲ್ಲರೂ ತಿಳಿಯತಕ್ಕದ್ದಾಗಿದೆ.

ಭರತಖಂಡದಲ್ಲಿ ಪ್ರಾಚೀನ ಸ್ಮಾರಕಗಳ ರಕ್ಷಣೆಗಾಗಿ ಲಾರ್ಡ್ ಕರ್ಜನ್ನನ ಆಡಳಿತಕಾಲದಲ್ಲಿ, 1904ರಲ್ಲಿ, ಒಂದು ಕಾಯಿದೆಯಾಯಿತು. ಮೈಸೂರು ಸಂಸ್ಥಾನವು 1925ರಲ್ಲಿ ತನ್ನದೇ ಆದ ಕಾಯಿದೆಯನ್ನು ಮಾಡಿಕೊಂಡಿತು. ಇವುಗಳ ದೃಷ್ಟಿಯು ಗುಡಿ, ಕೋಟೆ, ಗೋರಿ, ಶಾಸನಗಳ ಮೇಲೆ ಇದ್ದಷ್ಟು ಜನರು ಒಲೆ ಹೊತ್ತಿಸಿ ಬಾಳುವ ಮನೆಗಳ ಮೇಲೆ ಇರಲಿಲ್ಲ. ಆದರೆ 1904ರ ಕಾಯಿದೆಯಲ್ಲಿ ಒಂದು ವಿವೇಕವಿತ್ತು: ಪೂಜೆ ನಡೆಯುತ್ತಿರುವ ಸ್ಮಾರಕವನ್ನು ಸರಕಾರವು ಬಲಾತ್ಕಾರವಾಗಿ ಕೊಂಡುಕೊಳ್ಳಕೂಡದೆಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು. ಖಾಸಗಿಯವರ ಮನೆ ಮಳಿಗೆಗಳು ಸ್ಮಾರಕಗಳ ಪಟ್ಟಿಗೆ ಸೇರಿದ್ದು ಬಹಳ ತಡವಾಗಿ. ಮುಂಬಯಿ ನಗರದಲ್ಲಿ 1995ರಲ್ಲಿ ನಿಯಮಗಳಾಗಿ, ಕಟ್ಟಡಗಳನ್ನು ಮೂರು ದರ್ಜೆಗಳಾಗಿ ವಿಂಗಡಿಸಲಾಯಿತು.

ಅಮೆರಿಕೆಯಲ್ಲಾದರೋ ಮೊದಲು ಎದ್ದ ಕೂಗು ಮನೆಗಳ ವಿಷಯವಾಗಿಯೇ. ಆ ದೇಶದ ಪ್ರಥಮ ಅಧ್ಯಕ್ಷನಾದ ವಾಷಿಂಗ್ಟನ್ನನ ಮೌಂಟ್ ವರ್ನನ್ ಎಂಬ ಮನೆಯು ಹಾಳು ಬೀಳುತ್ತಿದ್ದಾಗ ಅದನ್ನು ಉಳಿಸಲು ಮುಂದೆ ಬಂದವರು ಸ್ತ್ರೀಯರು. ಆನ್ ಪಮೇಲಾ ಕನಿಂಗ್‌ಹ್ಯಾಮ್ ಎಂಬ ಮಹಿಳೆಯ ನೇತೃತ್ವದಲ್ಲಿ ಅವರು ಚಂದಾ ಎತ್ತಿ, 1858ರಲ್ಲಿ ಎರಡು ಲಕ್ಷ ಡಾಲರುಗಳಿಗೆ ಆ ಮನೆಯನ್ನು ಕೊಳ್ಳುವ ಕರಾರು ಮಾಡಿಕೊಂಡರು. ಉಳಿಸಬೇಕೆಂಬವರು ಬೆಲೆ ತೆತ್ತು ಉಳಿಸಿದರು. ಯಾರ ಹಕ್ಕಿಗೂ ಕುಂದು ಬರಲಿಲ್ಲ. ಆದರೆ ಊರಿನ ಹಳೆಯ ಮನೆಗಳನ್ನೆಲ್ಲ ಹೀಗೆ ಕೊಳ್ಳುವಷ್ಟು ಹಣ ಯಾರಲ್ಲಿದೆ?

ದಕ್ಷಿಣ ಕೆರೊಲಿನಾ ಸಂಸ್ಥಾನದ ಚಾರ್ಲ್ಸ್‌ಟನ್ ಪಟ್ಟಣದವರಿಗೆ ಈ ತೊಡಕು ಅನುಭವಕ್ಕೆ ಬಂದಿತು. ಅಲ್ಲಿ 1803ರ ಸುಮಾರಿಗೆ ಕಟ್ಟಿದ ಜೋಸೆಫ್ ಮ್ಯಾನಿಗಾಲ್ಟ್ ಎಂಬವನ ಮನೆಗೆ ಅಪಾಯವೊದಗಿದಾಗ, ಸೂಸನ್ ಪ್ರಿಂಗಲ್ ಫ್ರಾಸ್ಟ್ ಎಂಬಾಕೆಯು 1920ರಲ್ಲಿ ಹಳೆಯ ಮನೆಗಳ ರಕ್ಷಣೆಗಾಗಿ ಒಂದು ಸಂಘವನ್ನು ಸ್ಥಾಪಿಸಿದಳು. ಆಕೆಯು ಮನೆ ನಿವೇಶನಗಳ ಕ್ರಯವಿಕ್ರಯದ ಉದ್ಯೋಗದವಳು. ಸ್ತ್ರೀಯರ ಮತದಾನದ ಹಕ್ಕಿಗಾಗಿ ಹೋರಾಡಿದವಳು. ಒಂದೊಂದೇ ಮನೆಯನ್ನು ಕೊಂಡು ಉಳಿಸುವುದು ಸಾಗದೆಂದು ಕಂಡುಬಂದ ಮೇಲೆ, 1931ರಲ್ಲಿ ಪಟ್ಟಣದವರು ಹಳೆಯ ಬಡಾವಣೆಯ ಸುತ್ತ ಎಲ್ಲೆ ಹಾಕಿ, ಅದರೊಳಗಣ ಮನೆಗಳ ಹೊರಮೈಯನ್ನು ಬದಲಿಸುವ ಮುನ್ನ ಒಂದು ಮಂಡಲಿಯ ಒಪ್ಪಿಗೆಯನ್ನು ಪಡೆಯಬೇಕೆಂದು ಶಾಸನ ಮಾಡಿದರು. ಅಮೆರಿಕೆಯಲ್ಲಿ ಇಂಥ ಶಾಸನಗಳಿಗೆ ಇದೇ ಮೊದಲು. ಬೆಲೆ ಕೊಡುವುದು ಹೋಗಿ ಅಪ್ಪಣೆ ಕೊಡುವುದು ಬಂದಿತು. ಈ ಸತ್ಕಾರ್ಯದ ಒಂದು ದುಷ್ಫಲವನ್ನು ಮರೆಮಾಚುವುದು ಸಲ್ಲದು: ಬೀದಿಗಳು ಅಂದವಾಗಿ ಬೆಲೆಯೇರಿದಂತೆ, ಆ ಹಳೆಯ ಮನೆಗಳಲ್ಲಿ ಬಾಡಿಗೆಗಿದ್ದ ಕಪ್ಪು ಜನಾಂಗದ ಬಡ ಸಂಸಾರಗಳು ಅನೇಕವು ಅಲ್ಲಿಂದ ಕದಲಬೇಕಾಯಿತು. ಗೋಡೆಗಳು ಉಳಿದವು, ಒಳಗಿದ್ದವರು ಉಳಿಯಲಿಲ್ಲ.

ಈ ಪದ್ಧತಿಯು ಮಹಾನಗರಗಳಿಗೆ ಹಬ್ಬಲು ಕಾರಣವಾದುದು ಒಂದು ದೊಡ್ಡ ನಷ್ಟ. ನ್ಯೂಯಾರ್ಕ್ ನಗರದಲ್ಲಿ 1910ರಲ್ಲಿ ತೆರೆದ ಪೆನ್ಸಿಲ್ವೇನಿಯಾ ರೈಲು ನಿಲ್ದಾಣವು, ರೋಮನರ ಸ್ನಾನಗೃಹಗಳನ್ನು ನೆನಪಿಸುವಂತಹ ಭವ್ಯವಾದ ಕಲ್ಲುಕಟ್ಟಡವಾಗಿದ್ದಿತು. ಅದರ ಒಡೆಯರಾದ ರೈಲ್ವೆಯವರು 1963ರ ಅಕ್ಟೋಬರಿನಲ್ಲಿ ಅದನ್ನು ಕೆಡಹಲು ಆರಂಭಿಸಿದರು. ತಡೆಯುವ ಕಾಯಿದೆಯು ಯಾವುದೂ ಇರಲಿಲ್ಲ. ಜನರು ಮರುಗಿದರು, ಪತ್ರಿಕೆಗಳು ಬರೆದವು, ಕಟ್ಟಡವು ಹೋಯಿತು. 1965ರ ಏಪ್ರಿಲ್ 19ರಂದು ಮೇಯರ್ ವ್ಯಾಗ್ನರನು ಸ್ಮಾರಕಗಳ ಕಾಯಿದೆಗೆ ರುಜು ಹಾಕಿದನು. ಮೂವತ್ತು ವರ್ಷ ಕಳೆದ ಕಟ್ಟಡವು ಸ್ಮಾರಕಪದವಿಗೆ ಅರ್ಹವೆಂದು ಅದರಲ್ಲಿ ಗೊತ್ತಾಯಿತು. ಸಾವಿರ ವರ್ಷದ ದೇವಾಲಯಗಳನ್ನು ಬಲ್ಲ ನಾಡಿನವರಿಗೆ ಮೂವತ್ತು ವರ್ಷದ ಪ್ರಾಚೀನತೆಯು ನಗೆ ತರಿಸಿದರೂ ತರಿಸಬಹುದು.

ಅದೇ ನಗರದ ಗ್ರ್ಯಾಂಡ್ ಸೆಂಟ್ರಲ್ ಎಂಬ ಮತ್ತೊಂದು ನಿಲ್ದಾಣಕ್ಕೆ 1967ರಲ್ಲಿ ಈ ಪದವಿಯು ದೊರೆಯಿತು. ಅದರ ನೆತ್ತಿಯ ಮೇಲೆ 55 ಅಂತಸ್ತುಗಳ ಗೋಪುರವನ್ನೆತ್ತಿ ವರ್ಷಕ್ಕೆ ಮೂವತ್ತು ಲಕ್ಷ ಡಾಲರುಗಳಿಗೆ ಕಡಿಮೆಯಿಲ್ಲದ ಬಾಡಿಗೆ ಪಡೆಯಬೇಕೆಂದಿದ್ದ ರೈಲ್ವೆಯವರಿಗೆ ಅಪ್ಪಣೆ ಸಿಕ್ಕಲಿಲ್ಲ. ಅವರು ನ್ಯಾಯಸ್ಥಾನಗಳ ಮೆಟ್ಟಿಲು ಹತ್ತಿದರು. 1978ರಲ್ಲಿ ಸರ್ವೋಚ್ಚ ನ್ಯಾಯಸ್ಥಾನವು ಆರು ಮಂದಿ ನ್ಯಾಯಾಧೀಶರ ಮತದಿಂದ, ಮೂವರ ವಿರೋಧವಿರಲಾಗಿ, ನಗರದ ಪಕ್ಷವನ್ನು ಎತ್ತಿಹಿಡಿಯಿತು. ಒಡೆಯನಿಗೆ ಅವನ ಕಟ್ಟಡವು ಈಗಿರುವಂತೆಯೇ ತಕ್ಕ ಆದಾಯವನ್ನು ತರಬಲ್ಲುದಾಗಿರುವುದರಿಂದಲೂ, ಮೇಲೆ ಕಟ್ಟದೆ ಬಿಟ್ಟ ಹಕ್ಕನ್ನು ನೆರೆಯ ನಿವೇಶನಗಳಿಗೆ ವರ್ಗಾಯಿಸಲು ನಗರವು ಅವಕಾಶ ಕೊಟ್ಟಿರುವುದರಿಂದಲೂ, ಅವನ ಸೊತ್ತನ್ನು ಕಿತ್ತುಕೊಂಡಂತಾಗಲಿಲ್ಲವೆಂದು ತೀರ್ಪಾಯಿತು. ಊರಿಗೆಲ್ಲ ಸಲ್ಲುವ ಸುಖದ ವೆಚ್ಚವನ್ನು ಕೆಲವರೇ ಒಡೆಯರ ಬೆನ್ನಿಗೆ ಹೇರುವುದು ನ್ಯಾಯವಲ್ಲವೆಂಬುದು ವಿರೋಧಿಸಿದ ನ್ಯಾಯಾಧೀಶರ ವಾದ. ಆ ವಾದವು ಸೋತಿತೇ ಹೊರತು ಹುರುಳಿಲ್ಲದ್ದೆಂದು ಹೇಳಲು ಬರುವಂತಿಲ್ಲ.

ರೈಲ್ವೆಯವರು ಲಾಭಕ್ಕಾಗಿ ಇರುವವರು. ಅವರ ಲಾಭವು ತುಸು ತಗ್ಗಿದರೆ ಲೋಕವು ಮರುಗದು. ಆದರೆ ಅದೇ ನಗರದ ಸಂತ ಬಾರ್ತಲೊಮ್ಯೂವಿನ ಇಗರ್ಜಿಯವರಿಗೂ ಇದೇ ಗತಿಯೊದಗಿತು. ಅವರ ಇಗರ್ಜಿಗೂ ಪಕ್ಕದ ಸಮುದಾಯಭವನಕ್ಕೂ 1967ರಲ್ಲಿ ಸ್ಮಾರಕಪದವಿ ಬಂದಿತ್ತು. ಆ ಭವನವನ್ನು ಕೆಡಹಿ, ಆ ಜಾಗದಲ್ಲಿ ಮೊದಲು 59, ಅನಂತರ 47 ಅಂತಸ್ತುಗಳ ಕಚೇರಿಯ ಗೋಪುರವನ್ನು ಕಟ್ಟಿಸಿ, ಬಂದ ಹಣದಿಂದ ತಮ್ಮ ಧರ್ಮಕಾರ್ಯಗಳನ್ನು ನಡೆಯಿಸಬೇಕೆಂದು 1983ರಿಂದ ಅವರು ಪ್ರಯತ್ನಪಟ್ಟರು. ಅಪ್ಪಣೆ ಸಿಕ್ಕದಿರಲು ಧರ್ಮಸ್ವಾತಂತ್ರ್ಯಕ್ಕೆ ಭಂಗವಾಯಿತೆಂದು ವ್ಯಾಜ್ಯ ಹೂಡಿದರು. 1990ರಲ್ಲಿ ಮೇಲಣ ನ್ಯಾಯಸ್ಥಾನದಲ್ಲಿ ಸೋತರು. ಹಣ ಬರುವ ದಾರಿಯು ಮುಚ್ಚಿತಾದರೂ, ಪ್ರಾರ್ಥನೆಗೆ ಅಡ್ಡಿಯಾಗಲಿಲ್ಲವೆಂಬುದು ನ್ಯಾಯಸ್ಥಾನದ ನೋಟ.

ಹಾಗಾದರೆ ಪ್ರಾರ್ಥನೆಗೆ ಬಂದವರಿಗೇ ಒಳಗೆ ಎಡೆಯಿಲ್ಲದಂತಾದರೆ? ಟೆಕ್ಸಸ್ ಸಂಸ್ಥಾನದ ಬರ್ನಿ ಎಂಬ ಊರಿನಲ್ಲಿ ನಡೆದುದು ಇದೇ.

ಸ್ಯಾನ್ ಅಂಟೋನಿಯೋ ನಗರದಿಂದ ಇಪ್ಪತ್ತೆಂಟು ಮೈಲಿ ದೂರದ ಗುಡ್ಡನಾಡಿನಲ್ಲಿರುವ ಈ ಊರನ್ನು 1849ರಲ್ಲಿ ನೆಲೆಗೊಳಿಸಿದವರು ಜರ್ಮನಿಯಿಂದ ವಲಸೆ ಬಂದವರು. ಲುಡ್ವಿಗ್ ಬರ್ನೆ ಎಂಬ ಜರ್ಮನ್ ಲೇಖಕನ ಹೆಸರನ್ನು ಅವರು 1852ರಲ್ಲಿ ಊರಿಗಿಟ್ಟರು. ಊರಿನ ದಿಬ್ಬದ ಮೇಲೆ ಸಂತ ಪೇತ್ರನ ಕ್ಯಾಥೊಲಿಕ್ ಇಗರ್ಜಿಯಿದೆ. ಅದು 1923ರಲ್ಲಿ ಕಟ್ಟಿದ್ದು. ಪೂರ್ವಕಾಲದಲ್ಲಿ ಸ್ಪೇನಿನ ಪಾದ್ರಿಗಳು ಆ ಸೀಮೆಯಲ್ಲಿ ಎತ್ತಿಸಿದ ಮಂದಿರಗಳ ಶೈಲಿಯನ್ನು ಅನುಸರಿಸಿದ್ದು. ಆದುದರಿಂದ ಅದು ಪುರಾತನವೆನ್ನುವುದಕ್ಕಿಂತ ಪುರಾತನದ ಪ್ರತಿಕೃತಿಯೆಂಬುದೇ ಸರಿ. ಆದರೂ ಊರಿಗೆ ಬರುವವರ ಕಣ್ಣಿಗೆ ದಿಬ್ಬದ ಮೇಲೆ ಎದ್ದು ಕಾಣುತ್ತಿದ್ದ ಆ ಮುಖಭಾಗವನ್ನು ಊರವರು, ಆ ಮತಕ್ಕೆ ಸೇರದವರು ಸಹ, ತಮ್ಮ ಊರಿನ ಗುರುತೆಂದು ಭಾವಿಸಿದ್ದರು.

ಮಂದಿರದಲ್ಲಿ ಸುಮಾರು 230 ಜನರಿಗೆ ಮಾತ್ರ ಸ್ಥಳವಿತ್ತು. ಒಕ್ಕಲು ವರ್ಷವರ್ಷಕ್ಕೆ ಬೆಳೆಯಿತು. ಕೆಲವು ಭಾನುವಾರಗಳ ಪೂಜೆಯಲ್ಲಿ ನಲವತ್ತರಿಂದ ಅರವತ್ತು ಮಂದಿಗೆ ಒಳಗೆ ಎಡೆಯಿಲ್ಲದಂತಾಯಿತು. ಪ್ರಾಂತದ ಆರ್ಚ್‌ಬಿಷಪ್ ಪ್ಯಾಟ್ರಿಕ್ ಫ್ಲೋರೆಸ್ ಅವರು ಕಟ್ಟಡವನ್ನು ವಿಸ್ತರಿಸುವ ಯೋಜನೆಗೆ ಸಮ್ಮತಿಯಿತ್ತರು. ಕೆಲವೇ ತಿಂಗಳುಗಳಲ್ಲಿ ನಗರಸಭೆಯವರು ಸ್ಮಾರಕಗಳ ಮಂಡಲಿಯೊಂದಕ್ಕೆ ಅಧಿಕಾರ ಕೊಟ್ಟು, ಅದರ ಪೂರ್ವಾನುಮತಿಯಿಲ್ಲದೆ ಊರಿನ ಐತಿಹಾಸಿಕ ಭಾಗದಲ್ಲಿ ಕಟ್ಟೋಣದ ಕೆಲಸವಾವುದೂ ನಡೆಯಬಾರದೆಂದು ನಿಯಮ ಮಾಡಿದರು. ಆರ್ಚ್‌ಬಿಷಪ್ಪರ ಅರ್ಜಿಯು ಬಂದಾಗ, ಇಗರ್ಜಿಯು ಆ ಐತಿಹಾಸಿಕ ಭಾಗಕ್ಕೆ ಸೇರಿದ್ದೆಂದು ಹೇಳಿ ಪರವಾನಗಿಯನ್ನು ನಿರಾಕರಿಸಿದರು.

ಎರಡು ಪಕ್ಷಗಳಲ್ಲಿಯೂ ದುರಾಶೆಯಿರಲಿಲ್ಲವೆಂಬುದನ್ನು ಗಮನಿಸಬೇಕು. ಇಗರ್ಜಿಯವರು ಗೋಪುರ ಕಟ್ಟಿ ಬಾಡಿಗೆ ಪಡೆಯಲು ಹೊರಟವರಲ್ಲ. ಊರವರು ಮತದ್ವೇಷದಿಂದ ಅಡ್ಡ ನಿಂತವರಲ್ಲ. ಸ್ಥಾವರ ಜಂಗಮಗಳ ಭೇದವನ್ನು ಬಲ್ಲ ಶರಣ ಪರಂಪರೆಯವರಿಗೆ ಈ ವಿವಾದದ ತಿರುಳು ಬೇಗನೆ ಹೊಳೆಯುವುದು. ಊರಿಗೆ ಬೇಕಾದುದು ನಿಂತ ಕಲ್ಲು. ಆರ್ಚ್‌ಬಿಷಪ್ಪರಿಗೆ ಬೇಕಾದುದು ನಡೆದು ಬರುವ ಜನರಿಗೆ ಕುಳ್ಳಿರಲು ಎಡೆ.

ಇಗರ್ಜಿಯವರ ಕೈಯಲ್ಲಿ ಅಂದು ಒಂದು ಹೊಸ ಆಯುಧವಿತ್ತು. ನಿಷಿದ್ಧವಾದ ಒಂದು ಕಳ್ಳಿಯನ್ನು ತಮ್ಮ ಧರ್ಮವಿಧಿಯಲ್ಲಿ ಸೇವಿಸಿದ್ದಕ್ಕಾಗಿ ಇಬ್ಬರು ಕೆಲಸ ಕಳೆದುಕೊಂಡು ನಿರುದ್ಯೋಗವೇತನವನ್ನು ಕೇಳಿದ ಮೊಕದ್ದಮೆಯಲ್ಲಿ, ಎಲ್ಲರಿಗೂ ಸಮನಾಗಿ ಅನ್ವಯಿಸುವ ಕಾಯಿದೆಯಿಂದ ಧರ್ಮದ ಹೆಸರಿನಲ್ಲಿ ವಿನಾಯಿತಿಯನ್ನು ಕೇಳಲಾಗದೆಂದು 1990ರಲ್ಲಿ ಸರ್ವೋಚ್ಚ ನ್ಯಾಯಸ್ಥಾನವು ಹೇಳಿದ್ದಿತು. ಇದರಿಂದ ಎಲ್ಲ ಮತದವರೂ ಕಳವಳಗೊಂಡುದರಿಂದ, ಅಮೆರಿಕೆಯ ಶಾಸನಸಭೆಯು 1993ರಲ್ಲಿ ಧರ್ಮಸ್ವಾತಂತ್ರ್ಯವನ್ನು ಪುನಃಸ್ಥಾಪಿಸುವ ಕಾಯಿದೆಯನ್ನು ಮಾಡಿತು. ಅತ್ಯಂತ ಗುರುತರವಾದ ಕಾರಣವಿಲ್ಲದೆ ಸರಕಾರವು ಧರ್ಮಾಚರಣೆಗೆ ಭಾರವಾಗುವಂತೆ ನಡೆಯಕೂಡದು. ಕಾರಣವಿದ್ದರೂ ಅತ್ಯಲ್ಪ ನಿರ್ಬಂಧದ ಮಾರ್ಗವನ್ನೇ ಹಿಡಿಯಬೇಕು ಎಂಬುದು ಅದರ ಸಾರ. ಈ ಕಾಯಿದೆಯನ್ನು ಮುಂದಿಟ್ಟುಕೊಂಡು ಆರ್ಚ್‌ಬಿಷಪ್ಪರು ನಗರಸಭೆಯ ಮೇಲೆ ವ್ಯಾಜ್ಯ ಹೂಡಿದರು. ಕೆಳಗಣ ನ್ಯಾಯಸ್ಥಾನವು ಕಾಯಿದೆಯೇ ಅಸಿಂಧುವೆಂದಿತು. ಅದರ ಮೇಲಣದು ಸಿಂಧುವೆಂದಿತು.

1997ರ ಜೂನ್ 25ರಂದು ಸರ್ವೋಚ್ಚ ನ್ಯಾಯಸ್ಥಾನವು ಆರಕ್ಕೆ ಮೂರು ಮತಗಳಿಂದ ತೀರ್ಪಿತ್ತಿತು. ಜಸ್ಟಿಸ್ ಕೆನೆಡಿಯವರು ಬರೆದ ತೀರ್ಪಿನ ಪ್ರಕಾರ, ರಾಜ್ಯಾಂಗದ ಹಕ್ಕುಗಳನ್ನು ಜಾರಿಗೆ ತರುವುದು ಮಾತ್ರವೇ ಶಾಸನಸಭೆಯ ಕೆಲಸ. ಆ ಹಕ್ಕುಗಳ ಅರ್ಥವನ್ನೇ ಬದಲಿಸಿ ಸಂಸ್ಥಾನಗಳ ಮೇಲೆ ಹೇರುವ ಅಧಿಕಾರವು ಅದಕ್ಕಿಲ್ಲ. ಊರುಗಳ ಮಟ್ಟಿಗೆ ಆ ಕಾಯಿದೆಯು ಬಿದ್ದುಹೋಯಿತು. ಬಹುಮತದವರೊಳಗೇ ಒಬ್ಬರಾದ ಜಸ್ಟಿಸ್ ಸ್ಟೀವನ್ಸರು ಪ್ರತ್ಯೇಕವಾಗಿ ಬರೆದ ನಾಲ್ಕು ಮಾತುಗಳು ವಿಚಾರಾರ್ಹವಾಗಿವೆ. ದಿಬ್ಬದ ಮೇಲಣ ಆ ಕಟ್ಟಡವೇ ಒಬ್ಬ ನಾಸ್ತಿಕನ ವಸ್ತುಸಂಗ್ರಹಾಲಯವಾಗಿದ್ದರೆ ಅವನಿಗೆ ಈ ವಿನಾಯಿತಿಯು ದೊರೆಯುತ್ತಿರಲಿಲ್ಲ. ಆಸ್ತಿಕನಿಗೆ ಮಾತ್ರ ದೊರೆಯುವ ಆಯುಧವನ್ನು ಸರಕಾರವು ಕೊಡುವುದು ನಿಷ್ಪಕ್ಷಪಾತವಲ್ಲ ಎಂಬುದು ಅವರ ಅಭಿಪ್ರಾಯ. ತರ್ಕವು ನೇರವಾದುದು. ಆದರೆ ಮ್ಯೂಸಿಯಮ್ಮಿಗೆ ಬಂದವನು ಎಡೆಯಿಲ್ಲದಿದ್ದರೆ ಮಾರನೆಯ ದಿನ ಬರಬಹುದು. ಭಾನುವಾರದ ಪೂಜೆಗೆ ಬಂದವನಿಗೆ ಸೋಮವಾರದ ಚೀಟಿಯನ್ನು ಕೊಡಲಾಗುವುದಿಲ್ಲವೆಂಬುದು ಆ ತರ್ಕದೊಳಗೆ ಬರಲಿಲ್ಲ.

ತೀರ್ಪಿನ ಪರಿಣಾಮವು ದೂರ ಹೋಯಿತು. ಶಾಸನಸಭೆಯವರು ಸುಮ್ಮನಿರದೆ, 2000ದಲ್ಲಿ ಮತ್ತೊಂದು ಕಾಯಿದೆ ಮಾಡಿ, ಭೂಮಿಯ ಉಪಯೋಗವನ್ನು ಕುರಿತ ನಿಯಮಗಳಿಂದ ಧರ್ಮಸಂಸ್ಥೆಗಳಿಗೆ ಅನ್ಯಾಯವಾಗದಂತೆ ಹೆಚ್ಚು ಎಚ್ಚರಿಕೆಯಿಂದ ಹೆಣೆದರು. ಅಂದಿನಿಂದ ಆ ದೇಶದ ನಗರಸಭೆಗಳು ಒಂದು ಮಂದಿರದ ಅರ್ಜಿಯನ್ನು ನಿರಾಕರಿಸುವ ಮುನ್ನ ಎರಡು ಸಲ ಯೋಚಿಸಬೇಕಾಗಿದೆ.

ಬರ್ನಿಯವರಾದರೋ ಅಷ್ಟು ದಿನ ಕಾಯಲಿಲ್ಲ. ವ್ಯಾಜ್ಯದಲ್ಲಿ ಗೆದ್ದ ನಗರಸಭೆಯೂ ಸೋತ ಇಗರ್ಜಿಯೂ ಅದೇ ವರ್ಷ ಕೂಡಿ ಕುಳಿತು ಮಾತನಾಡಿದವು. ಹಳೆಯ ಕಟ್ಟಡದ ಬಹುಭಾಗವನ್ನೂ, ವಿಶೇಷವಾಗಿ ಬೀದಿಗೆ ಕಾಣುವ ಮುಖವನ್ನೂ ಮುಟ್ಟದೆ, ಅದರ ಹಿಂಭಾಗದಲ್ಲಿ ವಿಶಾಲವಾದ ಹೊಸ ಮಂದಿರವನ್ನು ಕೂಡಿಸಿ ಕಟ್ಟಬಹುದೆಂದು ಒಪ್ಪಂದವಾಯಿತು. ನಾಲ್ಕು ವರ್ಷಗಳ ಹಿಂದೆ, ಒಬ್ಬ ವಕೀಲನೂ ನಡುವೆ ಬರುವ ಮೊದಲೇ, ಒಂದು ಸಂಜೆಯ ಮಾತಿನಲ್ಲಿ ಮುಗಿಯಬಹುದಾಗಿದ್ದ ಕಾರ್ಯವಿದು. ಈಗ ಬೀದಿಯಲ್ಲಿ ಹೋಗುವವರು 1923ರ ಮುಖವನ್ನೇ ಕಾಣುವರು. ಭಾನುವಾರ ಬಾಗಿಲು ದಾಟಿ ಒಳಹೋದ ಒಕ್ಕಲು ಹಿಂದಣ ಹೊಸ ಅಂಕಣದಲ್ಲಿ ಕುಳಿತುಕೊಳ್ಳುವರು.