ನಳಿಗೆಯ ಮೇಲಿನ ಹೆಸರು: ಅಮೆರಿಕದ ಕೇಪಿನ ರೈಫಲ್ಲುಗಳ ಕರ್ತೃತ್ವ

ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ತಯಾರಾದ ಕೇಪಿನ ರೈಫಲ್ಲುಗಳಲ್ಲಿ ಕೆಲವುಗಳ ಮೇಲೆ ಎರಡು ಮೂರು ಹೆಸರುಗಳಿರುತ್ತವೆ, ಎಷ್ಟೋ ಕೋವಿಗಳ ಮೇಲೆ ಒಂದೂ ಇರುವುದಿಲ್ಲ. ಹೆಸರಿಲ್ಲದ ಕೋವಿಯನ್ನು ಮಾಡಿದವರು ಯಾರೆಂದು ಹೇಳುವುದು ಕಷ್ಟವೆಂದು ಯಾರಾದರೂ ಊಹಿಸಬಹುದು. ಆದರೆ ಹೆಸರಿರುವ ಕೋವಿಯೇ ನೋಡುವವನನ್ನು ಹೆಚ್ಚು ದಾರಿ ತಪ್ಪಿಸುತ್ತದೆ ಎಂಬುದು ಆ ಕಸುಬು ನಡೆಯುತ್ತಿದ್ದ ರೀತಿಯನ್ನು ಅರಿತ ಮೇಲೆಯೇ ತಿಳಿಯುತ್ತದೆ.

ರೈಫಲ್ ಎಂದರೆ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಸಾಗುವ ತೋಡುಗಳನ್ನು ಕೊರೆದ ಕೋವಿ. ಆ ತೋಡುಗಳು ಗುಂಡನ್ನು ತಿರುಗಿಸಿ ಬಿಡುವುದರಿಂದ ಅದು ದೂರಕ್ಕೂ ನೇರವಾಗಿ ಹೋಗುತ್ತದೆ. ಕೇಪು ಎಂಬುದು ಪಾದರಸದ ಫಲ್ಮಿನೇಟ್ ಎನ್ನುವ, ಪೆಟ್ಟು ಬಿದ್ದೊಡನೆ ಸಿಡಿಯುವ ರಾಸಾಯನಿಕವನ್ನು ತುಂಬಿದ ಪುಟ್ಟ ತಾಮ್ರದ ಟೋಪಿ. ನಳಿಗೆಯ ಬುಡದಲ್ಲಿರುವ ತೂತುಳ್ಳ ಮೊಟಕು ಕೊಳವೆಯ ಮೇಲೆ ಇದನ್ನು ಸಿಕ್ಕಿಸಿ ಬಿಲ್ಲು ಎನ್ನುವ ಕೊಕ್ಕೆಯನ್ನು ಎಳೆದರೆ ಕುದುರೆ ಎನ್ನುವ ಪುಟ್ಟ ಸುತ್ತಿಗೆ ಬಡಿದು, ಕಿಡಿ ಒಳಗಿನ ಮದ್ದಿಗೆ ತಲುಪುತ್ತದೆ. ಮಲೆನಾಡಿನಲ್ಲಿಯೂ ಕೊಡಗಿನಲ್ಲಿಯೂ ಇಂದಿಗೂ ಕೇಪಿನ ಕೋವಿ ಎಂದು ಕರೆಯುವುದು ಇದೇ ತತ್ತ್ವದ ಆಯುಧವನ್ನು. ಸಿಡಿಯುವ ರಾಸಾಯನಿಕದಿಂದ ಈಡು ಹಾರಿಸುವ ವಿಧಾನಕ್ಕೆ 1807ರಲ್ಲಿ ಪೇಟೆಂಟ್ ಪಡೆದವನು ಸ್ಕಾಟ್ಲೆಂಡಿನ ಪಾದ್ರಿ ಅಲೆಕ್ಸಾಂಡರ್ ಫೋರ್ಸಿತ್. ಕೇಪಿಗೆ 1822ರಲ್ಲಿ ಅಮೆರಿಕದ ಪೇಟೆಂಟ್ ಪಡೆದವನು ಇಂಗ್ಲೆಂಡಿನಿಂದ ಫಿಲಡೆಲ್ಫಿಯಾಕ್ಕೆ ಬಂದು ನೆಲೆಸಿದ್ದ ಚಿತ್ರಕಾರ ಜೋಶುವಾ ಶಾ. ಅಮೆರಿಕದ ಸೈನ್ಯ 1841 ಮತ್ತು 1842ರ ಮಾದರಿಗಳೊಡನೆ ಈ ವಿಧಾನಕ್ಕೆ ಬದಲಾಗುವ ಹೊತ್ತಿಗೆ ಬೇಟೆಗಾರರ ಕೈಯಲ್ಲಿ ಕೇಪು ಬಳಕೆಗೆ ಬಂದಾಗಿತ್ತು, ಮತ್ತು ಹಳೆಯ ಚಕಮಕಿ ಕಲ್ಲಿನ ಕೋವಿಗಳನ್ನು ಕೇಪಿಗೆ ಮಾರ್ಪಡಿಸಿ ಕೊಡುವುದೇ ಊರೂರಿನ ಕೋವಿ ಕಮ್ಮಾರರಿಗೆ ಒಂದು ದೊಡ್ಡ ಕೆಲಸವಾಗಿತ್ತು.

ಈ ಮಾರ್ಪಾಡಿನಿಂದಲೇ ಕರ್ತೃತ್ವದ ಮೊದಲ ತೊಡಕು ಹುಟ್ಟುತ್ತದೆ. ಕುದುರೆಯನ್ನು ಹೊತ್ತ ಲಾಕ್ ಎಂಬ ಯಂತ್ರಭಾಗದ ತಗಡಿನಲ್ಲಿ ಈಗ ಕೆಲಸವಿಲ್ಲದ, ಲೋಹ ತುಂಬಿ ಮುಚ್ಚಿದ ತಿರುಪಿನ ತೂತುಗಳು ಕಂಡರೆ ಆ ಕೋವಿ ಚಕಮಕಿಯಾಗಿ ಹುಟ್ಟಿ ಕೇಪಾಗಿ ಬದಲಾಗಿರುವ ಸಾಧ್ಯತೆ ಹೆಚ್ಚು. ಆಗ ಮೂಲ ಕಸುಬುದಾರ ಒಬ್ಬ, ಮಾರ್ಪಡಿಸಿದವನು ಇನ್ನೊಬ್ಬ, ಹೊಸ ಲಾಕನ್ನೇ ಕೂಡಿಸಿದ್ದರೆ ಅದನ್ನು ತಯಾರಿಸಿದವನು ಮೂರನೆಯವನು.

ಇಡೀ ಕೋವಿಯನ್ನು ಒಬ್ಬನೇ ಕುಲುಮೆಯಿಂದ ಹೊಳಪಿನವರೆಗೆ ಮಾಡಿದನೆಂಬ ಚಿತ್ರ ರಮ್ಯವಾದರೂ ಕೇಪಿನ ಕಾಲಕ್ಕೆ ಬಹುಮಟ್ಟಿಗೆ ಸಲ್ಲದು. ಲಾಕ್‌ಗಳು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಿಂದ ಹಡಗಿನಲ್ಲಿ ಬರುತ್ತಿದ್ದವು, ಫಿಲಡೆಲ್ಫಿಯಾ ಮತ್ತು ನ್ಯೂಯಾರ್ಕಿನ ಸಗಟು ಅಂಗಡಿಗಳಲ್ಲಿಯೂ ದೊರೆಯುತ್ತಿದ್ದವು. ಕಬ್ಬಿಣದ ಸಾಮಾನು ಮಾರುವ ವರ್ತಕರು ತಮ್ಮ ಹೆಸರನ್ನೇ ಅವುಗಳ ಮೇಲೆ ಕೆತ್ತಿಸಿ ತರಿಸಿಕೊಳ್ಳುತ್ತಿದ್ದರು. ಲಾಕ್ ತಯಾರಿಸುತ್ತಿದ್ದ ಗೋಲ್ಚರ್ ಎಂಬವರ ಹೆಸರು, ಒಂದೆರಡು ಬಗೆಯ ಕಾಗುಣಿತದಲ್ಲಿ, ಪೆನ್ಸಿಲ್ವೇನಿಯಾದಿಂದ ಒಹಾಯೊವರೆಗೂ ಲೆಕ್ಕವಿಲ್ಲದಷ್ಟು ರೈಫಲ್ಲುಗಳ ಲಾಕ್ ತಗಡುಗಳ ಮೇಲೆ ಕಾಣುವುದು ಈ ಕಾರಣದಿಂದ. ಅಜ್ಜನ ಕೋವಿಯ ಮೇಲೆ ಈ ಹೆಸರನ್ನು ಓದಿ, ಅದನ್ನು ಗೋಲ್ಚರನೇ ಮಾಡಿದನೆಂದು ನಂಬಿದ ಮನೆತನಗಳು ಕಡಮೆಯಲ್ಲ. ಹಾಗೆಯೇ ಕೆಲವು ಲಾಕ್‌ಗಳ ಮೇಲಿರುವ ‘ವಾರಂಟೆಡ್’ ಎಂಬ ಮಾತು ಮಾರಾಟಗಾರ ಕೊಟ್ಟ ಭರವಸೆ ಮಾತ್ರ.

ನಳಿಗೆಗಳ ಕಥೆಯೂ ಹೆಚ್ಚು ಬೇರೆಯಲ್ಲ. ಎಲಿಫಲೆಟ್ ರೆಮಿಂಗ್ಟನ್ 1816ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ನಳಿಗೆ ತಯಾರಿಕೆ ಆರಂಭಿಸಿ, 1825ರಲ್ಲಿ ಈರಿ ಕಾಲುವೆ ಪೂರ್ಣಗೊಂಡ ಮೇಲೆ 1828ರಲ್ಲಿ ಅದರ ದಡದ ಇಲಿಯನ್‌ಗೆ ತನ್ನ ಉದ್ಯಮವನ್ನು ಸಾಗಿಸಿದನು. ಕಾಲುವೆಯ ದೋಣಿಗಳಲ್ಲಿ ಅವನ ನಳಿಗೆಗಳು ಪಶ್ಚಿಮದ ಊರುಗಳಿಗೆ ಹೋಗಿ, ಅಲ್ಲಿನ ಕಸುಬುದಾರರ ಕೈಯಲ್ಲಿ ಮರ, ಲಾಕ್, ಹಿತ್ತಾಳೆಗಳನ್ನು ಕೂಡಿಕೊಂಡು ರೈಫಲ್ಲುಗಳಾದವು. ಆದ್ದರಿಂದ ನಳಿಗೆಯ ಬುಡದ ಹತ್ತಿರ ರೆಮಿಂಗ್ಟನ್ ಎಂಬ ಮುದ್ರೆ ಇದ್ದ ಮಾತ್ರಕ್ಕೆ ಅದು ರೆಮಿಂಗ್ಟನ್ ಕೋವಿಯಾಗುವುದಿಲ್ಲ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್‌ನಲ್ಲಿ 1834ರಿಂದ ಕಾರ್ಖಾನೆ ನಡೆಸಿದ ಹೆನ್ರಿ ಲೆಮನ್ ಇದಕ್ಕೆ ಭಿನ್ನವಾದ ಉದಾಹರಣೆ: ಗಡಿನಾಡಿನ ವ್ಯಾಪಾರಿಗಳಿಗೂ ಮೂಲನಿವಾಸಿಗಳಿಗೆ ಕೋವಿ ಹಂಚುತ್ತಿದ್ದ ಸರ್ಕಾರಕ್ಕೂ ಅವನು ಅಗ್ಗದ, ಗಟ್ಟಿಯಾದ ರೈಫಲ್ಲುಗಳನ್ನು ಒದಗಿಸಿದನು, ಸಾದಾ ಮೇಪಲ್ ಮರಕ್ಕೆ ಬಣ್ಣದಿಂದ ಹುಲಿಪಟ್ಟೆಗಳನ್ನು ಬರೆಸಿ ಬೆಲೆಬಾಳುವ ಅಲೆನಾರಿನ ಮರದಂತೆ ತೋರಿಸಿದನು. ಅವನ ಮುದ್ರೆ ಅವನ ಕಾರ್ಖಾನೆಯದೇ ಹೌದು, ಆದರೆ ಅದರ ಹಿಂದೆ ದುಡಿದ ಕೈಗಳು ಹಲವು. ವರ್ಮಾಂಟ್‌ನ ವಿಂಡ್ಸರ್‌ನಲ್ಲಿ ನಿಕಾನರ್ ಕೆಂಡಾಲನ ಕಂಪನಿ ಊರಿನ ಸೆರೆಮನೆಯಲ್ಲಿಯೇ ಕೋವಿ ತಯಾರಿಸುತ್ತಿತ್ತು. ಕುದುರೆಯನ್ನು ನಳಿಗೆಯ ಕೆಳಗೆ ಜೋಡಿಸಿದ ಆ ಅಚ್ಚುಕಟ್ಟಾದ ರೈಫಲ್ಲುಗಳ ಮೇಲೆ ಕೆಂಡಾಲನ ಹೆಸರಿದೆ, ಅವುಗಳಿಗಾಗಿ ದುಡಿದ ಕೈದಿಗಳ ಹೆಸರನ್ನು ಹುಡುಕುವವರಿಲ್ಲ.

ಹೀಗಿರುವಾಗ ಹೆಸರಿಗಿಂತ ಹೆಸರಿರುವ ಜಾಗ ಮುಖ್ಯವಾಗುತ್ತದೆ. ಎಂಟು ಮೈಗಳ ನಳಿಗೆಯ ಮೇಲ್ಮೈಯಲ್ಲಿ, ಹಿಂದಿನ ಗುರಿಕಂಡಿಗೂ ಬುಡಕ್ಕೂ ನಡುವೆ ಕೆತ್ತಿದ ಹೆಸರು ಅಥವಾ ಬಳ್ಳಿಬರಹದ ಮೊದಲಕ್ಷರಗಳು ಸಾಮಾನ್ಯವಾಗಿ ಕೋವಿಯನ್ನು ಜೋಡಿಸಿ ಪೂರ್ಣಗೊಳಿಸಿದ ಕಸುಬುದಾರನವು. ಲಾಕ್ ತಗಡಿನ ಮೇಲಿನದು ಲಾಕಿನ ತಯಾರಕನದೋ ವರ್ತಕನದೋ. ಮರಕ್ಕೆ ಕೂಡಿಸಿದ ಬೆಳ್ಳಿಯ ಬಿಲ್ಲೆಯ ಮೇಲಿನದು ಅನೇಕ ವೇಳೆ ಒಡೆಯನದು. ನಳಿಗೆ ತಯಾರಿಸಿದವನ ಮುದ್ರೆ ಕೆಳಮೈಯಲ್ಲಿ ಅಡಗಿರಬಹುದಾದ್ದರಿಂದ ಬೆಣೆಗಳನ್ನು ಅಥವಾ ಸಣ್ಣ ಮೊಳೆಗಳನ್ನು ತೆಗೆದು ನಳಿಗೆಯನ್ನು ಮರದಿಂದ ಬೇರ್ಪಡಿಸಿ ನೋಡಬೇಕಾಗುತ್ತದೆ. ಇದಕ್ಕೂ ಮುಂಚೆ, ಗಜವೆಂಬ ಈಡು ತುಂಬುವ ಕೋಲನ್ನು ನಳಿಗೆಯ ಒಳಗೆ ಬಿಟ್ಟು, ಅದು ಇಳಿದ ಆಳವನ್ನು ಹೊರಗಿನ ಉದ್ದದೊಡನೆ ಹೋಲಿಸುವುದು ಕಡ್ಡಾಯ. ಶತಮಾನದ ಹಿಂದೆ ತುಂಬಿದ ಈಡು ಹಾಗೆಯೇ ಉಳಿದಿರುವ ಕೋವಿಗಳು ಅಪರೂಪವಲ್ಲ, ಹಳೆಯ ಕರಿಮದ್ದಿಗೆ ವಯಸ್ಸಾದರೂ ಸಿಡಿಯುವ ಗುಣ ಹೋಗುವುದಿಲ್ಲ. ತುಕ್ಕನ್ನು ಉಜ್ಜಿ ಮುದ್ರೆಯನ್ನು ಓದಲು ಹೊರಡುವವರು ಓದಬೇಕಾದ್ದನ್ನೇ ಅಳಿಸಿಬಿಡುತ್ತಾರೆ; ಪಕ್ಕದಿಂದ ಓರೆಯಾಗಿ ಬೆಳಕು ಹಾಯಿಸಿದರೆ ಸಾಕು.

ಹೆಸರೇ ಇಲ್ಲದಲ್ಲಿ ಮರ ಮಾತನಾಡುತ್ತದೆ. ಲಾಕನ್ನೂ ನಳಿಗೆಯನ್ನೂ ಕೊಂಡು ತರಬಹುದಾಗಿತ್ತು, ಆದರೆ ಹೆಗಲಿಗೆ ಆನಿಸುವ ಸ್ಟಾಕ್ ಎಂಬ ಮರದ ಭಾಗವನ್ನು ಕಸುಬುದಾರ ತನ್ನ ಗುರುವಿನ ಬಳಿ ಕಲಿತ ಅಳತೆಯಲ್ಲಿಯೇ ಕೆತ್ತುತ್ತಿದ್ದುದರಿಂದ ಪ್ರಾಂತದ ಗುರುತು ಅಲ್ಲಿ ಉಳಿಯಿತು. ಜರ್ಮನ್ ವಲಸಿಗರು ಹದಿನೆಂಟನೆಯ ಶತಮಾನದಲ್ಲಿ ಪೆನ್ಸಿಲ್ವೇನಿಯಾಕ್ಕೆ ತಂದ ಮೊಟಕು ಬೇಟೆ ರೈಫಲ್ಲಿನಿಂದ ಬೆಳೆದ ಉದ್ದ ರೈಫಲ್ಲಿನಲ್ಲಿ, ಲ್ಯಾಂಕಾಸ್ಟರ್ ಸುತ್ತಿನವರ ಸ್ಟಾಕಿನ ಮೇಲಂಚೂ ಕೆಳಂಚೂ ನೇರ. ಬರ್ಕ್ಸ್ ಮತ್ತು ಬಕ್ಸ್ ಜಿಲ್ಲೆಗಳ ಕಡೆ ಮೇಲಂಚು ಗಿಡುಗನ ಮೂಗಿನಂತೆ ಬಾಗುತ್ತದೆ. ಬೆಡ್‌ಫರ್ಡ್ ಜಿಲ್ಲೆಯವುಗಳಲ್ಲಿ ಸ್ಟಾಕೂ ಲಾಕೂ ಕುದುರೆಯೂ ಎಷ್ಟು ತೆಳು, ಎಷ್ಟು ನೀಳವೆಂದರೆ ದೂರದಿಂದಲೇ ಗುರುತು ಹತ್ತುತ್ತದೆ. ಸ್ಟಾಕಿನ ಬಲಮಗ್ಗುಲಲ್ಲಿ, ಗುಂಡಿಗೆ ಸುತ್ತುವ ಜಿಡ್ಡುಬಟ್ಟೆಯ ತುಂಡುಗಳನ್ನು ಇಡಲು ಮಾಡಿದ ಹಿತ್ತಾಳೆಯ ಪುಟ್ಟ ಪೆಟ್ಟಿಗೆಯ ಆಕಾರವಂತೂ ಊರಿನ ಸಹಿಯೇ ಸರಿ. ಟೆನೆಸಿ ಮತ್ತು ಉತ್ತರ ಕೆರೊಲಿನಾದ ಬೆಟ್ಟಗಳಲ್ಲಿ ಹಿತ್ತಾಳೆಯ ಬದಲು ಕಬ್ಬಿಣ ಬಳಸುತ್ತಿದ್ದರು. ಅಲ್ಲಿನ ಬಡ ಬೇಟೆಗಾರನ ಕೋವಿಯಲ್ಲಿ ಪೆಟ್ಟಿಗೆಯೂ ಇಲ್ಲ, ಕೊಬ್ಬು ತುಂಬಿಡುವ ಒಂದು ಗುಳಿ ಮಾತ್ರ. ಪೆನ್ಸಿಲ್ವೇನಿಯಾದ ಯಾರ್ಕ್ ಊರಿನ ಪುರಾತನ ವಸ್ತುಗಳ ವ್ಯಾಪಾರಿ ಜೋ ಕಿಂಡಿಗ್ 1960ರಲ್ಲಿ ಪ್ರಕಟಿಸಿದ ದೊಡ್ಡ ಗ್ರಂಥ ನೂರಾರು ರೈಫಲ್ಲುಗಳನ್ನು ಹೀಗೆ ಪ್ರಾಂತವಾರು ಸಾಲುಗಳಲ್ಲಿ ನಿಲ್ಲಿಸಿತು. ಅನಂತರದ ಅಧ್ಯಯನಗಳು ಆ ಸಾಲುಗಳನ್ನು ತಿದ್ದಿವೆ, ಕಿತ್ತುಹಾಕಿಲ್ಲ. ಪೆನ್ಸಿಲ್ವೇನಿಯಾದ ಶಿಷ್ಯನೊಬ್ಬ ಒಹಾಯೊಗೆ ಗುಳೆ ಹೋದರೆ ಅವನ ಸ್ಟಾಕಿನ ಬಾಗೂ ಅವನೊಡನೆ ಹೋಗುತ್ತಿತ್ತೆಂಬುದನ್ನು ಮಾತ್ರ ಮರೆಯಬಾರದು.

ಕಾಲನಿರ್ಣಯದಲ್ಲಿಯೂ ಎಚ್ಚರ ಬೇಕು. ಲೋಹದ ತೋಟೆಯ ಕೋವಿಗಳು ಬಂದು ದಶಕಗಳಾದ ಮೇಲೂ ದಕ್ಷಿಣದ ಅಪಲೇಚಿಯನ್ ಬೆಟ್ಟಗಳಲ್ಲಿ ಕೇಪಿನ ರೈಫಲ್ಲುಗಳು ತಯಾರಾಗುತ್ತಲೇ ಇದ್ದವು; ತಂತ್ರ ಹಳೆಯದೆಂಬ ಕಾರಣಕ್ಕೆ ಕೋವಿಯೂ ಅಷ್ಟೇ ಹಳೆಯದೆನ್ನಲಾಗದು.

ಮೊದಲಕ್ಷರಗಳನ್ನು ಮನುಷ್ಯನನ್ನಾಗಿ ಮಾಡುವುದು ದಾಖಲೆಗಳ ಕೆಲಸ. ಜಿಲ್ಲೆಗಳ ತೆರಿಗೆ ಪಟ್ಟಿಗಳು, ಸತ್ತವರ ಆಸ್ತಿಯ ಪಟ್ಟಿಗಳು, ನಗರಗಳ ವಿಳಾಸ ಪುಸ್ತಕಗಳು ಇದಕ್ಕೆ ಒದಗುತ್ತವೆ. ಎಲ್ಲಕ್ಕಿಂತ ಮಿಗಿಲಾಗಿ 1850ರ ಜನಗಣತಿ, ಅಲ್ಲಿಯವರೆಗೆ ಮನೆಯ ಯಜಮಾನನ ಹೆಸರನ್ನಷ್ಟೇ ಬರೆದುಕೊಳ್ಳುತ್ತಿದ್ದ ಕ್ರಮವನ್ನು ಬಿಟ್ಟು, ಪ್ರತಿಯೊಬ್ಬ ಸ್ವತಂತ್ರ ವ್ಯಕ್ತಿಯ ಹೆಸರನ್ನೂ ಹದಿನೈದು ದಾಟಿದ ಗಂಡಸರ ಕಸುಬನ್ನೂ ದಾಖಲಿಸಿತು. ‘ಸ್ವತಂತ್ರ’ ಎಂಬ ಮಾತನ್ನು ಇಲ್ಲಿ ಗಮನವಿಟ್ಟು ಓದಬೇಕು: ಗುಲಾಮರನ್ನು ಒಡೆಯನ ಹೆಸರಿನಡಿ ವಯಸ್ಸು ಲಿಂಗಗಳಿಂದ ಎಣಿಸಲಾಯಿತೇ ಹೊರತು ಹೆಸರಿನಿಂದಲ್ಲ, ಆದ್ದರಿಂದ ದಕ್ಷಿಣದ ಕುಲುಮೆಗಳಲ್ಲಿ ದುಡಿದ ಗುಲಾಮ ಕಮ್ಮಾರರನ್ನು ಈ ಕಡತದಲ್ಲಿ ಹುಡುಕಿ ಪ್ರಯೋಜನವಿಲ್ಲ. ಹೆಸರಿರುವವರಲ್ಲಿಯೂ ತಂದೆ, ಮಗ, ಸೋದರಳಿಯ ಒಂದೇ ಮೊದಲಕ್ಷರಗಳನ್ನು ಹೊತ್ತು ಒಂದೇ ಅಂಗಡಿಯಲ್ಲಿ ಕೂತಿರುವ ಪ್ರಸಂಗಗಳು ಬೇಕಾದಷ್ಟಿವೆ.

ಮುದ್ರೆಯೊಂದು ಅದನ್ನು ಹೊತ್ತವನಿಗಿಂತ ಹೆಚ್ಚು ಕಾಲ ಬದುಕಬಹುದೆಂಬುದಕ್ಕೆ ಹಾಕನ್ ರೈಫಲ್ಲೇ ಸಾಕ್ಷಿ. ಮೇರಿಲೆಂಡ್‌ನ ಹೇಗರ್ಸ್‌ಟೌನ್ ಕಡೆಯ ಕೋವಿ ಕಸುಬುದಾರರ ಮನೆಯಿಂದ ಮಿಸೂರಿಯ ಸೇಂಟ್ ಲೂಯಿಸ್‌ಗೆ ಬಂದ ಜೇಕಬ್ ಮತ್ತು ಸ್ಯಾಮ್ಯುಯೆಲ್ ಹಾಕನ್ ಸಹೋದರರು, ರಾಕಿ ಪರ್ವತಗಳಿಗೆ ಹೊರಟ ತುಪ್ಪಳದ ಬೇಟೆಗಾರರಿಗಾಗಿ ದಪ್ಪ ನಳಿಗೆಯ, ಮುಂಭಾಗದಲ್ಲಿ ಮರ ಅರ್ಧಕ್ಕೇ ನಿಲ್ಲುವ ಬಲವಾದ ರೈಫಲ್ಲನ್ನು ರೂಪಿಸಿದರು. ಜೇಕಬ್ 1849ರ ಕಾಲರಾದಲ್ಲಿ ತೀರಿಕೊಂಡನು. ಅಲ್ಲಿಯವರೆಗೆ ಇಬ್ಬರ ಮೊದಲಕ್ಷರಗಳನ್ನೂ ಹೊತ್ತಿದ್ದ ಮುದ್ರೆ ಅನಂತರ ಸ್ಯಾಮ್ಯುಯೆಲನೊಬ್ಬನದಾಯಿತು. ಅವನು ಅಂಗಡಿಯನ್ನು ಬಿಟ್ಟ ಮೇಲೆ, 1862ರ ಸುಮಾರಿಗೆ, ಅಲ್ಲಿಯೇ ಕೆಲಸ ಮಾಡುತ್ತಿದ್ದ ಜಾನ್ ಗೆಮರ್ ಅದನ್ನು ಕೊಂಡು ಹಳೆಯ ಮುದ್ರೆಯನ್ನೇ ಕೆಲಕಾಲ ಬಳಸಿದನು. ಹೀಗಾಗಿ ಸ್ಯಾಮ್ಯುಯೆಲನ ಹೆಸರಿನ ಕೋವಿಗಳಲ್ಲಿ ಅವನ ಕೈ ಸೋಕದವೂ ಇವೆ. ರಾಕಿ ಪರ್ವತಗಳ ಬೇಟೆಗಾರನೊಬ್ಬನ ಕಥೆಯಾದ ‘ಜೆರಮಾಯಾ ಜಾನ್ಸನ್’ ಚಲನಚಿತ್ರ 1972ರಲ್ಲಿ ಬಂದ ಮೇಲೆ ಹಾಕನ್ ಹೆಸರಿಗೆ ಹೊಸ ಮೋಹ ಹತ್ತಿತು. ಇಂಥ ಮೋಹ ಬೆಳೆದಂತೆ ಹಳೆಯ ನಳಿಗೆಗಳ ಮೇಲೆ ಹೊಸದಾಗಿ ಒತ್ತಿದ ಮುದ್ರೆಗಳೂ ಹೆಚ್ಚುತ್ತವೆ. ಹೊಸ ಮುದ್ರೆಯ ಅಕ್ಷರಗಳ ಅಂಚು ಸುತ್ತಲಿನ ಲೋಹದ ಸವೆತಕ್ಕೆ ಹೊಂದುವುದಿಲ್ಲ: ಮೈಯೆಲ್ಲ ತುಕ್ಕು ತಿಂದು ಗುಳಿಬಿದ್ದ ನಳಿಗೆಯಲ್ಲಿ ಅಕ್ಷರಗಳ ತಳ ಮಾತ್ರ ನುಣುಪಾಗಿದ್ದರೆ, ತುಕ್ಕು ಮೊದಲು ಬಂದದ್ದು, ಹೆಸರು ಆಮೇಲೆ.

ವಸ್ತುಸಂಗ್ರಹಾಲಯದ ಚೀಟಿಯೊಂದು ‘ನಳಿಗೆ ರೆಮಿಂಗ್ಟನ್, ಲಾಕ್ ಗೋಲ್ಚರ್, ಜೋಡಣೆ ಒಹಾಯೊದ ಅಜ್ಞಾತ ಕಸುಬುದಾರ, ಸುಮಾರು 1850’ ಎಂದು ಬರೆದರೆ ಕೊಳ್ಳುವವರ ಕಣ್ಣು ಅರಳದಿರಬಹುದು, ಹರಾಜಿನಲ್ಲಿ ಬೆಲೆಯೂ ಏರದಿರಬಹುದು. ಆದರೂ ಒಂಟಿ ಹೆಸರೊಂದನ್ನು ಅಂಟಿಸಿದ ಚೀಟಿಗಿಂತ ಅದರಲ್ಲಿ ಆ ಕಸುಬಿನ ಇತಿಹಾಸ ಹೆಚ್ಚು ಇರುತ್ತದೆ.